ಸರ್ವರ್‌ನ ಫೈಲ್‌ಸಿಸ್ಟಂ ಕೆಟ್ಟಿದೆ, ಮೊದಲು ಏನು ಮಾಡಲಿ?

ಪ್ರಶ್ನೆ: ಕರೆಂಟ್ ಹೋಗಿ ಬಂದ ಮೇಲೆ ಆಫೀಸ್ ಸರ್ವರ್‌ನ ಡೇಟಾ ಪಾರ್ಟಿಷನ್ ಮೌಂಟ್ ಆಗ್ತಿಲ್ಲ (ಅಂದ್ರೆ ತೆರೆಯೋಕೇ ಆಗ್ತಿಲ್ಲ). ಫೈಲ್‌ಸಿಸ್ಟಂ (ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡೋ ವ್ಯವಸ್ಥೆ) ಲಿನಕ್ಸ್‌ನ ಎಕ್ಸ್‌ಟಿ4. 'ಬ್ಯಾಡ್ ಸೂಪರ್‌ಬ್ಲಾಕ್' ಅಂತಿದೆ (ಫೈಲ್‌ಸಿಸ್ಟಂನ ಮುಖ್ಯ ವಿವರ ಇರೋ ಬ್ಲಾಕ್ ಅದು). ಬ್ಯಾಕಪ್ ಹೋದ ವಾರದ್ದು. ಎಫ್‌ಎಸ್‌ಸಿಕೆಗೆ (ಫೈಲ್‌ಸಿಸ್ಟಂ ಪರೀಕ್ಷಿಸಿ ಸರಿ ಮಾಡೋ ಕಮ್ಯಾಂಡ್) '-ವೈ' ಕೊಟ್ಟು ಓಡಿಸಿಬಿಡಲಾ? ಅನುಭವ ಇರೋರು ಹೇಳಿ.

ಉತ್ತರ 1: ಸದ್ಯಕ್ಕೆ ಬೇಡ ಸರ್. '-ವೈ' ಅಂದ್ರೆ ಅದು ಕೇಳೋ ಪ್ರತಿಯೊಂದಕ್ಕೂ ಕಣ್ಮುಚ್ಚಿ ಹೂಂ ಅಂದ ಹಾಗೆ. ಎಫ್‌ಎಸ್‌ಸಿಕೆಗೆ ಫೈಲ್‌ಸಿಸ್ಟಂನ ಲೆಕ್ಕ ತಾಳೆಯಾದ್ರೆ ಸಾಕು, ನಿಮ್ಮ ಫೈಲ್ ಉಳೀತೋ ಇಲ್ವೋ ಅದಕ್ಕೆ ಬೇಕಿಲ್ಲ. ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, ಸ್ಮಾರ್ಟ್‌ಸಿಟಿಎಲ್‌ನಲ್ಲಿ (ಡಿಸ್ಕ್‌ನ ಆರೋಗ್ಯ ತೋರಿಸೋ ಟೂಲ್) ಪೆಂಡಿಂಗ್ ಸೆಕ್ಟರ್, ಅಂದ್ರೆ ಸರಿಯಾಗಿ ಓದೋಕಾಗದ ಜಾಗ, ಎಷ್ಟಿದೆ ನೋಡಿ. ಸೊನ್ನೆ ಇಲ್ಲಾಂದ್ರೆ ಡಿಸ್ಕ್ ಮೇಲೇ ಅನುಮಾನ ಪಡಿ. ಆಮೇಲೆ ಡಿಡಿರೆಸ್ಕ್ಯೂ (ಕೆಟ್ಟ ಡಿಸ್ಕ್ ಕಾಪಿ ಮಾಡೋ ಟೂಲ್) ಹಾಕಿ ಇಡೀ ಡಿಸ್ಕನ್ನ ಇನ್ನೊಂದಕ್ಕೆ ಇಳಿಸ್ಕೊಳ್ಳಿ. ಮ್ಯಾಪ್‌ಫೈಲ್ (ಎಲ್ಲಿವರೆಗೆ ಕಾಪಿ ಆಯ್ತು ಅನ್ನೋ ದಾಖಲೆ) ಕೊಡಿ, ಮಧ್ಯೆ ನಿಂತ್ರೂ ಅಲ್ಲಿಂದಲೇ ಮುಂದುವರಿಯುತ್ತೆ. ರಿಪೇರಿ ಏನಿದ್ರೂ ಕಾಪಿ ಮೇಲೆ.

ಉತ್ತರ 2: ಸೂಪರ್‌ಬ್ಲಾಕ್‌ಗೆ ಗಾಬರಿ ಬೇಡ. ಅದರ ನಕಲು ಡಿಸ್ಕ್‌ನಲ್ಲಿ ಬೇರೆ ಬೇರೆ ಕಡೆ ಇರುತ್ತೆ. 4 ಕೆಬಿ ಬ್ಲಾಕ್ ಆದ್ರೆ ಸಾಮಾನ್ಯವಾಗಿ ಮೊದಲನೇದು 32768ರಲ್ಲಿ. ಇ2ಎಫ್‌ಎಸ್‌ಸಿಕೆಗೆ (ಎಕ್ಸ್‌ಟಿ4ಗೆ ಬಳಸೋ ಎಫ್‌ಎಸ್‌ಸಿಕೆ) '-ಬಿ 32768' ಜೊತೆ '-ಎನ್' ಕೊಟ್ರೆ ಏನನ್ನೂ ಬರೆಯದೆ ತಪ್ಪುಗಳನ್ನಷ್ಟೇ ತೋರಿಸುತ್ತೆ. ಪುಟಗಟ್ಟಲೆ ಬಂತಾ? ರಿಪೇರಿ ಕೈಬಿಟ್ಟು ರೀಡ್-ಓನ್ಲಿ ಮೌಂಟ್ ಮಾಡಿ ('ನೋಲೋಡ್' ಸೇರಿಸಿ, ಆಗ ಜರ್ನಲ್, ಅಂದ್ರೆ ಬದಲಾವಣೆಗಳ ದಾಖಲೆ, ಲೋಡ್ ಆಗಲ್ಲ), ಬೇಕಾದ್ದನ್ನ ಎತ್ಕೊಳ್ಳಿ. ಒಂದು ಕಿರಿಕಿರಿ ಇದೆ: ಸೂಪರ್‌ಬ್ಲಾಕ್ ಎಲ್ಲಿದೆ ಅಂತ ಹೇಳೋ ಮೌಂಟ್‌ನ 'ಎಸ್‌ಬಿ=' ಲೆಕ್ಕ ಹಾಕೋದು 1 ಕೆಬಿಯಲ್ಲಿ. ಹಾಗಾಗಿ ಅಲ್ಲಿ 32768 ಅಲ್ಲ, ಅದರ ನಾಲ್ಕರಷ್ಟು, 131072.

ಉತ್ತರ 3: ರಿಪೇರಿ ಆದ್ಮೇಲೆ ನಮಗೆ ಸಿಕ್ಕಿದ್ದು ಲಾಸ್ಟ್+ಫೌಂಡ್ (ಜಾಗ ಗೊತ್ತಾಗದ ಫೈಲ್‌ಗಳನ್ನ ಎಫ್‌ಎಸ್‌ಸಿಕೆ ಹಾಕೋ ಫೋಲ್ಡರ್) ತುಂಬ ಹೆಸರಿಲ್ಲದ ಫೈಲ್‌ಗಳು, ಬರೀ # ಮತ್ತು ಐನೋಡ್ ನಂಬರ್ (ಫೈಲ್‌ಸಿಸ್ಟಂ ಒಳಗೆ ಫೈಲ್ ಗುರುತಿಸೋ ಸಂಖ್ಯೆ). ಮೊದಲು ಡೈರೆಕ್ಟರಿಗಳನ್ನ ಹುಡುಕಿ, ಅದರ ಹೆಸರು ಹೋಗಿದ್ರೂ ಒಳಗಿನ ಫೈಲ್‌ಗಳ ಹೆಸರು ಹಾಗೇ ಇರುತ್ತೆ. ಬಿಡಿ ಫೈಲ್‌ಗಳನ್ನ 'ಫೈಲ್' ಕಮ್ಯಾಂಡ್‌ನಿಂದ (ಒಳಗಿರೋದು ನೋಡಿ ಯಾವ ಬಗೆ ಅಂತ ಹೇಳುತ್ತೆ) ವಿಂಗಡಿಸಿ. ಮೈಎಸ್‌ಕ್ಯೂಎಲ್ ಡೇಟಾಬೇಸ್ ಇದ್ರೆ ಇನ್ನೋಡಿಬಿ ಫೋರ್ಸ್ ರಿಕವರಿ (ಕೆಟ್ಟ ಡೇಟಾಬೇಸನ್ನ ಬಲವಂತವಾಗಿ ಎಬ್ಬಿಸೋ ಸೆಟ್ಟಿಂಗ್) 1ರಿಂದ ಶುರು ಮಾಡಿ, ಎದ್ದ ತಕ್ಷಣ ಡಂಪ್ (ಡೇಟಾದ ಪೂರ್ತಿ ನಕಲು) ತಗೊಳ್ಳಿ. 4 ಮತ್ತು ಮೇಲಿನವು ಡೇಟಾವನ್ನೇ ಶಾಶ್ವತವಾಗಿ ಕೆಡಿಸಬಹುದು.

ಉತ್ತರ 4: ಎಲ್ಲ ಸರಿ, ಆದ್ರೆ ವಾರದ ಬ್ಯಾಕಪ್ ಇದೆಯಲ್ಲ! ಹೊಸ ಡಿಸ್ಕ್‌ಗೆ ಅದನ್ನ ರಿಸ್ಟೋರ್ ಮಾಡಿ ಆಫೀಸ್ ನಡೆಸಿ. ಹಳೇದ್ರಿಂದ ತೆಗೀಬೇಕಾಗಿರೋದು ಈ ವಾರದ ಕೆಲಸ ಮಾತ್ರ. ಬಾಸ್ ತಲೆ ಮೇಲೆ ನಿಂತಿರೋವಾಗ ರಿಪೇರಿ ಮಾಡೋ ಕಷ್ಟ ಯಾರಿಗೂ ಬೇಡ. ಎಕ್ಸ್‌ಟಿ4 ಬದಲು ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಂ ಇಟ್ಕೊಂಡಿರೋರು ಓದ್ತಿದ್ರೆ: ಎಕ್ಸ್‌ಎಫ್‌ಎಸ್ ರಿಪೇರಿಯ '-ಎಲ್' (ದೊಡ್ಡಕ್ಷರದ L) ಲಾಗನ್ನೇ, ಅಂದ್ರೆ ಇನ್ನೂ ಪೂರ್ತಿಯಾಗದ ಬದಲಾವಣೆಗಳ ದಾಖಲೆಯನ್ನೇ, ಅಳಿಸುತ್ತೆ, ಮೊದಲು ಒಮ್ಮೆ ಮೌಂಟ್ ಆಗುತ್ತಾ ನೋಡಿ.