ಕೋಡ್ ಬರೆಯೋರಿಗೂ ಮನೆಮಂದಿಗೂ ಒಂದೇ ಓಎಸ್ (ಕಂಪ್ಯೂಟರ್ ನಡೆಸೋ ಮೂಲ ತಂತ್ರಾಂಶ) ಆಗಲ್ವಾ?

ಎಸ್‌ಪಿ ರೋಡ್ ರಿಪೇರಿ: ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ಟಿಪಿಎಂ 2.0 (ವಿಂಡೋಸ್ 11ಕ್ಕೆ ಬೇಕಾದ ಭದ್ರತಾ ಚಿಪ್) ಇಲ್ಲದ ಲ್ಯಾಪ್‌ಟಾಪ್ ತಂದವರಿಗೆ ಉಬುಂಟು ಅನ್ನೋ ಉಚಿತ ಲಿನಕ್ಸ್ ಓಎಸ್ ಹಾಕಿಕೊಡ್ತಿದ್ದೀನಿ. ಮಗ ಇಂಜಿನಿಯರಿಂಗ್, ಅಪ್ಪ ಅದರಲ್ಲೇ ಕರೆಂಟ್ ಬಿಲ್ ಕಟ್ತಾರೆ. ಮಗ ಏನೋ ಇನ್‌ಸ್ಟಾಲ್ ಮಾಡಿ ಕೆಡಿಸಿದ ಅಂತ ವಾಪಸ್ ತರ್ತಾರೆ. ಇಬ್ಬರಿಗೂ ಹೊಂದೋ ಓಎಸ್ ಕಟ್ಟೋಕೆ ಆಗಲ್ವಾ?

ಬಸವನಗುಡಿ ಬೈಟ್: ಆಗುತ್ತೆ. ಆದರೆ ಸುಲಭದ್ದೊಂದು, ಕಷ್ಟದ್ದೊಂದು ಅಂತ ಎರಡು ಮುಖ ಅಂಟಿಸಿದರೆ ಆಗಲ್ಲ, ಸಮಸ್ಯೆ ಒಳಗಿದೆ. ಉಬುಂಟುವಿನ ಸ್ವಂತ ಉಪಕರಣಗಳೇ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯನ್ನ ನಂಬಿಕೊಂಡಿವೆ. ಹುಡುಗ ಸಿಸ್ಟಂ ಪೈಥಾನ್ ಬದಲಿಸಿದರೆ ಟರ್ಮಿನಲ್ಲೇ (ಆದೇಶ ಟೈಪ್ ಮಾಡೋ ಕಿಟಕಿ) ತೆರೆಯದೆ ಹೋಗಬಹುದು. 2023ರ ಉಬುಂಟು 23.04 ಆವೃತ್ತಿಯಿಂದ ಪಿಪ್ (ಪೈಥಾನ್ ಪ್ಯಾಕೇಜ್ ಹಾಕೋ ಸಾಧನ) ಅಲ್ಲಿಗೆ ಕೈ ಹಾಕದಂತೆ ತಡೆದಿದ್ದಾರೆ, ಆದರೂ ಅದು ತೇಪೆ. ಫೆಡೋರಾ ಸಿಲ್ವರ್‌ಬ್ಲೂ ಅನ್ನೋ ಇನ್ನೊಂದು ಲಿನಕ್ಸ್ ನೋಡಿ: ಮೂಲ ವ್ಯವಸ್ಥೆ ಓದೋಕೆ ಮಾತ್ರ, ಕೋಡಿಂಗ್ ಎಲ್ಲ ಕಂಟೇನರ್ ಅನ್ನೋ ಪ್ರತ್ಯೇಕ ಆವರಣದಲ್ಲಿ. ಅಪ್‌ಡೇಟ್ ಕೆಟ್ಟರೆ ಬೂಟ್ ಆಗುವಾಗ ಹಿಂದಿನದನ್ನು ಆರಿಸಿಕೊಂಡರಾಯ್ತು.

ಕರ್ನಲ್ ಕಾವೇರಿ: ಒಪ್ಪಲ್ಲ. ನಾನು ಡ್ರೈವರ್ (ವೈಫೈಯಂಥ ಯಂತ್ರಭಾಗ ನಡೆಸೋ ತಂತ್ರಾಂಶ) ಬರೆಯೋಳು, ಕಂಟೇನರ್‌ನಲ್ಲಿ ನನ್ನ ಕೆಲಸ ನಡೆಯಲ್ಲ. ಹೀಗೆ ಮೂಲ ವ್ಯವಸ್ಥೆಗೆ ಬೀಗ ಹಾಕೋದೇ ರೂಢಿಯಾದರೆ ಏನಾಗುತ್ತೆ ಅಂತ ಫೋನ್ ನೋಡಿ. ಆಂಡ್ರಾಯ್ಡ್‌ನಲ್ಲಿ ಬಿಲ್ಡ್ ನಂಬರ್ 7 ಸಲ ಒತ್ತಿದರೆ ಡೆವಲಪರ್ ಆಯ್ಕೆ ಸಿಗುತ್ತೆ. ಅಮ್ಮ ಅಕಸ್ಮಾತ್ ಒತ್ತಲ್ಲ, ಬೇಕಾದವರಿಗೆ ಸಿಗದೇ ಇರಲ್ಲ. ಬಹಳ ಚೆನ್ನಾಗಿ ಯೋಚಿಸಿದ ವಿನ್ಯಾಸ. ಆದರೆ ಅದು ಆನ್ ಇದ್ದರೆ ಕೆಲವು ಬ್ಯಾಂಕ್ ಆ್ಯಪ್ ತೆರೆಯೋದೇ ಇಲ್ಲ! ಡೆವಲಪರ್ ಕೂಡ ಬ್ಯಾಂಕ್ ಗ್ರಾಹಕರೇ ಅಲ್ವಾ?

ಬಸವನಗುಡಿ ಬೈಟ್: ಮೇಡಂ, ಬ್ಯಾಂಕಿನ ಮಾತು ಪೂರ್ತಿ ಒಪ್ಪಿದೆ. ಆದರೆ ಎಲ್ಲ ಬೀಗವೂ ಹಾಗಲ್ಲ. ಸೆಕ್ಯೂರ್ ಬೂಟ್ (ನಂಬಿಕಸ್ಥ ಸಹಿ ಇಲ್ಲದ ತಂತ್ರಾಂಶವನ್ನ ಬೂಟ್ ಆಗುವಾಗ ತಡೆಯೋ ಬೀಗ) ಇದ್ದರೂ ಲಿನಕ್ಸ್‌ನಲ್ಲಿ ನಿಮ್ಮದೇ ಡಿಜಿಟಲ್ ಸಹಿಯ ಕೀಲಿ ನೋಂದಾಯಿಸಿ ನೀವು ಬರೆದ ಡ್ರೈವರ್ ಓಡಿಸಬಹುದು.

ಲ್ಯಾಬ್ ಮೇಷ್ಟ್ರು: ಇಬ್ಬರೂ ಡೆವಲಪರ್ ಕಡೆಯಿಂದಲೇ ನೋಡ್ತಿದ್ದೀರಿ. ಕನ್ನಡದಲ್ಲಿ ಬರೆಯೋರಾದರೆ ಡೆವಲಪರ್‌ಗೂ ಮನೆಮಂದಿಗೂ ಕಷ್ಟ ಒಂದೇ. ಫೈಲ್‌ಗೆ ಕನ್ನಡ ಹೆಸರಿಟ್ಟು ಟರ್ಮಿನಲ್‌ನಲ್ಲಿ ನೋಡಿ. ಅಕ್ಷರಕ್ಕೊಂದು ಸಮನಾದ ಚೌಕ ಅಂತ ಲೆಕ್ಕ ಹಾಕೋದರಿಂದ ಬಹಳಷ್ಟು ಕಡೆ ಒತ್ತಕ್ಷರ ಚೆಲ್ಲಾಪಿಲ್ಲಿ. ಡೆಸ್ಕ್‌ಟಾಪ್‌ನಲ್ಲಿ ಸರಿಯಾಗಿ ಕಾಣೋದು ಅಲ್ಲಿ ಯಾಕೆ ಕಾಣಬಾರದು?

ಎಸ್‌ಪಿ ರೋಡ್ ರಿಪೇರಿ: ಬೈಟ್ ಸರ್, ಆ ಕೀಲಿ ನೋಂದಣಿ ನಮ್ಮ ಗಿರಾಕಿಗಳಿಗೂ ಎದುರಾಗುತ್ತೆ. ವೈಫೈ ಡ್ರೈವರ್ ಹಾಕಿ ರೀಬೂಟ್ ಮಾಡಿದರೆ ಆ ಕೀಲಿಗೆ ಒಪ್ಪಿಗೆ ಕೇಳೋ ನೀಲಿ ತೆರೆ, ಇಂಗ್ಲಿಷು, ಉತ್ತರಕ್ಕೆ ಕೆಲವೇ ಸೆಕೆಂಡು. ವೈರಸ್ ಅಂತ ಹೆದರಿ ಸುಮ್ಮನಿರ್ತಾರೆ, ವೈಫೈ ಬರಲ್ಲ.

ಕರ್ನಲ್ ಕಾವೇರಿ: ಅದು ನಮ್ಮಂಥವರು ನಮಗೋಸ್ಕರ ಬರೆದುಕೊಂಡ ತೆರೆ, ನಿಜ. ಯಾವ ಡ್ರೈವರ್‌ಗೆ ಒಪ್ಪಿಗೆ, ಒಪ್ಪದಿದ್ದರೆ ಏನು ನಿಲ್ಲುತ್ತೆ, ಇಷ್ಟನ್ನು ಬಳಕೆದಾರರ ಭಾಷೆಯಲ್ಲಿ ಹೇಳಬೇಕು, ಉತ್ತರ ಕೊಡೋ ತನಕ ಕಾಯಬೇಕು. ಅಷ್ಟು ಮಾಡಿದರೆ ಬೀಗಕ್ಕೆ ನನ್ನ ತಕರಾರಿಲ್ಲ.