ಸಹಾಯ ಬೇಕು: ಟ್ಯಾಕೋಮೀಟರ್ ಮುಳ್ಳು ಏಳುತ್ತಿಲ್ಲ (ಬೈಗುಳ ಆಗಲೇ ಸಿಕ್ಕಿದೆ)

ನನ್ನದು 1965ರ ಎಂಜಿಬಿ, ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಬ್ಯಾಟರಿ ಚಾರ್ಜ್ ಮಾಡುವ ಹಳೇ ಡೈನಮೋ ತೆಗೆದು, ಅದೇ ಕೆಲಸಕ್ಕೆ ಆಲ್ಟರ್ನೇಟರ್ ಹಾಕಿದೆ. ಡೈನಮೋ ಇದ್ದಾಗ ರಾತ್ರಿ ಹೆಡ್‌ಲೈಟ್ ಹಚ್ಚಿ ಸಿಗ್ನಲ್‌ನಲ್ಲಿ ನಿಂತರೆ ಸಾಕು, ಚಾರ್ಜ್ ಸಾಲದೆ ಇಗ್ನಿಷನ್ ದೀಪ ಕೆಂಪಗೆ ಮಿನುಗುತ್ತಿತ್ತು. ಆಲ್ಟರ್ನೇಟರ್‌ಗಾಗಿ ಪಾಸಿಟಿವ್ ಅರ್ಥ್ (ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಬಾಡಿಗೆ ಸೇರಿರುವುದು) ಇದ್ದದ್ದನ್ನು ನೆಗೆಟಿವ್ ಮಾಡಬೇಕಾಯಿತು. ಈಗ ಚಾರ್ಜಿಂಗ್ ಚೆನ್ನಾಗಿದೆ, ಆದರೆ ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ತೋರಿಸುವ ಟ್ಯಾಕೋಮೀಟರ್ ಮುಳ್ಳು ಸೊನ್ನೆ ಬಿಟ್ಟು ಕದಲುವುದಿಲ್ಲ.

ಹಳೇ ಕಾರುಗಳ ಕೂಟವೊಂದರಲ್ಲಿ ಕೇಳಿದೆ. ಒಬ್ಬರು ಬಾನೆಟ್ ಒಳಗೆ ಟಾರ್ಚ್ ಬಿಟ್ಟು ನೋಡಿ, "ಕಾರು ಕೆಡಿಸಿಬಿಟ್ಟಿರಿ" ಅಂದರು. ಇನ್ನೊಬ್ಬರು ರೇಡಿಯೇಟರ್ ಹೋಸ್ ಕ್ಲಿಪ್ ಮೇಲೆ ಬೆರಳಿಟ್ಟು, ಇದು ಆ ಕಾಲದ್ದಲ್ಲ ಎಂದು ಐದು ನಿಮಿಷ ಪಾಠ ಮಾಡಿದರು. ಅವರ ಕಾರು ಟ್ರೇಲರ್ ಮೇಲೆ ಬಂದಿತ್ತು. ಟೈರಿಗೆ ಧೂಳೂ ಅಂಟಿರಲಿಲ್ಲ! ಕಂಪನಿಯೇ 1967ರ ಕೊನೆಗೆ ಇದೇ ಬದಲಾವಣೆ ಮಾಡಿತಲ್ಲ ಎಂದೆ. "ಅದು ಮಾರ್ಕ್ 2, ನಂತರದ ಮಾದರಿ, ನಿಮ್ಮದಲ್ಲ" ಎಂದು ನಕ್ಕರು. ಮಾತು ಸರಿಯೇ, ಆದರೆ ಮುಳ್ಳಿನ ವಿಷಯ ಯಾರೂ ಎತ್ತಲಿಲ್ಲ.

ನಾನು ಓದಿದ ಪ್ರಕಾರ ಸ್ಮಿತ್ಸ್ ಕಂಪನಿಯ ಈ ಎಲೆಕ್ಟ್ರಾನಿಕ್ ಟ್ಯಾಕೋಮೀಟರ್‌ಗೆ ಪೋಲಾರಿಟಿ, ಅಂದರೆ ಪಾಸಿಟಿವ್-ನೆಗೆಟಿವ್ ಯಾವ ಕಡೆ ಎಂಬುದು, ಮುಖ್ಯ. ಒಳಗಿನ ಸಪ್ಲೈ ವೈರು ಅದಲುಬದಲು ಮಾಡಿ, ಹಿಂದಿನ ಬಿಳಿ ವೈರಿನ ಲೂಪ್ ತಿರುಗಿಸಬೇಕಂತೆ. ಯಾರಾದರೂ ಕೈಯಾರೆ ಮಾಡಿದ್ದೀರಾ? ಮುಂದಿನ ರಿಂಗ್ ಬಿಚ್ಚುವಾಗ ಗಾಜು ಒಡೆಯುವ ಭಯ ಜಾಸ್ತಿ. ಒಳಭಾಗದ ಫೋಟೋ ಇದ್ದರೆ ದಯವಿಟ್ಟು ಹಾಕಿ.

ಅಂದಹಾಗೆ ಡೈನಮೋ ಬಿಸಾಡಿಲ್ಲ, ಬಟ್ಟೆ ಸುತ್ತಿ ಇಟ್ಟಿದ್ದೇನೆ. ಆ ಬಗ್ಗೆ ಬೈಯುವವರು ಸ್ವಲ್ಪ ತಡೆಯಿರಿ, ಮೊದಲು ಮುಳ್ಳು ಏಳಲಿ.