ಜೂನ್ 25: ಗೆಲುವೂ ನೋವೂ ಇರುವ ದಿನಕ್ಕೆ ‘ವಾರ್ಷಿಕೋತ್ಸವ’ ಹೊಂದುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ನಮ್ಮೂರಿನ ಗ್ರಂಥಾಲಯದ ಬೋರ್ಡಿಗೆ ‘ದಿನ ವಿಶೇಷ’ ಬರೆಯುವ ಕೆಲಸ ನನ್ನದು. ಆಯಾ ತಾರೀಖಿನಂದು ಹಿಂದೆ ಏನು ನಡೆಯಿತು, ಯಾರು ಹುಟ್ಟಿದರು, ಯಾರು ತೀರಿಕೊಂಡರು, ಆಟದಲ್ಲಿ ಏನು ಸಾಧನೆಯಾಯಿತು ಎಂದು ಒಂದು ಹಾಳೆಯಲ್ಲಿ ಬರೆದು ಅಂಟಿಸುತ್ತೇನೆ. ಓದುವವರಲ್ಲಿ ಹೈಸ್ಕೂಲು ಮಕ್ಕಳೇ ಜಾಸ್ತಿ. ಜೂನ್ 25ರ ಹಾಳೆಯಲ್ಲಿ ಬಳಸುವ ಪದಗಳ ಬಗ್ಗೆ ನಿಮ್ಮನ್ನು ಕೇಳಬೇಕಿದೆ.

ಮೊದಲು ಆ ದಿನದ ವಿಷಯ. 1932ರ ಜೂನ್ 25ರಂದು ಭಾರತ ತನ್ನ ಮೊಟ್ಟಮೊದಲ ಟೆಸ್ಟ್ ಪಂದ್ಯಕ್ಕಾಗಿ ಲಾರ್ಡ್ಸ್ ಮೈದಾನಕ್ಕೆ ಇಳಿಯಿತು. ಸಿ.ಕೆ. ನಾಯ್ಡು ನಾಯಕ. ಮೊಹಮ್ಮದ್ ನಿಸಾರ್ ಇಂಗ್ಲೆಂಡಿನ ಇಬ್ಬರು ಆರಂಭಿಕರನ್ನೂ ಬೌಲ್ಡ್ ಮಾಡಿದರು. ಇನ್ನೊಬ್ಬರು ರನೌಟ್ ಆದರು. ಇಂಗ್ಲೆಂಡಿನ ಸ್ಕೋರು 19 ರನ್ನಿಗೆ 3 ವಿಕೆಟ್! ಕೊನೆಗೆ ಭಾರತ 158 ರನ್ನುಗಳಿಂದ ಸೋತಿತು ನಿಜ. ಆದರೆ ಆ ಮೊದಲ ಬೆಳಗಿನ ಆಟವನ್ನು ಮಕ್ಕಳಿಗೆ ಹೇಳಲೇಬೇಕು ಅನ್ನಿಸುತ್ತದೆ.

ಅದಾಗಿ 51 ವರ್ಷಕ್ಕೆ, 1983ರಲ್ಲಿ, ಅದೇ ಲಾರ್ಡ್ಸ್, ಅದೇ ಜೂನ್ 25. ವಾರವೂ ಅದೇ, ಶನಿವಾರ. ಭಾರತ ಹೊಡೆದದ್ದು 183. ವೆಸ್ಟ್ ಇಂಡೀಸ್ 140ಕ್ಕೆ ಆಲೌಟ್. 43 ರನ್ನುಗಳಿಂದ ಗೆದ್ದು ಕಪಿಲ್ ದೇವ್ ತಂಡ ವಿಶ್ವಕಪ್ ಎತ್ತಿತು. ಆ ಟೂರ್ನಿಯಲ್ಲಿ ಎಲ್ಲರಿಗಿಂತ ಹೆಚ್ಚು ವಿಕೆಟ್ ತೆಗೆದವರು ನಮ್ಮ ರೋಜರ್ ಬಿನ್ನಿ, 18 ವಿಕೆಟ್. ಕೀಪರ್ ಸೈಯದ್ ಕಿರ್ಮಾನಿ ಕೂಡ ನಮ್ಮ ರಾಜ್ಯದವರೇ.

ಈ ಎರಡರ ನಡುವೆ 1975 ಇದೆ. ಆ ವರ್ಷ ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತುರ್ತುಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಅದು ಮುಗಿದದ್ದು 1977ರ ಮಾರ್ಚ್ 21ಕ್ಕೆ. ಪತ್ರಿಕೆಗಳ ಬಾಯಿ ಕಟ್ಟಿತು. ಸಾವಿರಾರು ಜನ ವಿಚಾರಣೆಯಿಲ್ಲದೆ ಜೈಲು ಸೇರಿದರು.

ಈಗ ಪ್ರಶ್ನೆಗೆ ಬರುತ್ತೇನೆ. ವರ್ಷಕ್ಕೊಮ್ಮೆ ಮರಳಿ ಬರುವ ಇಂಥ ದಿನಕ್ಕೆ ನಾವು ಸಾಮಾನ್ಯವಾಗಿ ಬರೆಯುವುದು ‘ವಾರ್ಷಿಕೋತ್ಸವ’. ವಿಶ್ವಕಪ್ ಗೆಲುವಿನ ವಾರ್ಷಿಕೋತ್ಸವ ಅಂದರೆ ಸರಿಯಾಗಿ ಕೂರುತ್ತದೆ. ತುರ್ತುಪರಿಸ್ಥಿತಿಯ ವಾರ್ಷಿಕೋತ್ಸವ? ಅಪಘಾತ, ಭೂಕಂಪ, ಬಾಂಬ್ ಸ್ಫೋಟಗಳಿಗೂ ಈ ಪದ ಅಂಟಿಸಿದ್ದನ್ನು ನೀವೂ ಓದಿರುತ್ತೀರಿ. ಪದದ ಒಳಗೇ ಉತ್ಸವ ಕೂತಿದೆ. ಮನೆಯವರನ್ನು ಕಳೆದುಕೊಂಡವರು ಅದನ್ನು ಓದಿದರೆ ಹೇಗನ್ನಿಸಬೇಕು? ಇದು ಬರೀ ವ್ಯಾಕರಣದ ಮಾತಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಬೆಳ್ಳಿಹಬ್ಬ, ಸುವರ್ಣ ಮಹೋತ್ಸವ, ಶತಮಾನೋತ್ಸವಕ್ಕೂ ಇದೇ ತೊಡಕು. ಶಾಲೆಗೆ, ಸಂಘಕ್ಕೆ, ಹಾಲಿನ ಡೇರಿಗೆ ಅವು ಚೆನ್ನಾಗಿವೆ. ಎಲ್ಲದಕ್ಕೂ ಅವನ್ನೇ ಎಳೆದು ತರಲಾಗದು.

‘ಆಚರಣೆ’ ಈ ವಿಷಯದಲ್ಲಿ ಉದಾರಿ. ಸ್ವಾತಂತ್ರ್ಯ ದಿನಾಚರಣೆ ಅನ್ನುತ್ತೇವೆ, ಮೌನಾಚರಣೆ, ಶೋಕಾಚರಣೆ ಅಂತಲೂ ಅನ್ನುತ್ತೇವೆ. ಹಬ್ಬವನ್ನೂ ಆಚರಿಸುತ್ತೇವೆ, ಕರಾಳ ದಿನವನ್ನೂ ಆಚರಿಸುತ್ತೇವೆ. ಹಾಗಾಗಿ ‘ವರ್ಷಾಚರಣೆ’ ಆಗಬಹುದೇನೋ ಅಂತ ನೋಡಿದೆ. ಆದರೆ ಅದು ಕಿವಿಗೆ ಬಿದ್ದ ತಕ್ಷಣ ಹೊಸ ವರ್ಷಾಚರಣೆಯ ಕೇಕು, ಪಟಾಕಿಗಳೇ ಕಣ್ಣಮುಂದೆ ಬರುತ್ತವೆ. ಇನ್ನೊಂದು ಕಾರಣವೂ ಇದೆ. ಎಷ್ಟೋ ದಿನಗಳನ್ನು ಯಾರೂ ಆಚರಿಸುವುದಿಲ್ಲ, ಬರೀ ನೆನಪಿಟ್ಟುಕೊಳ್ಳುತ್ತಾರೆ.

ನನಗೆ ಹೆಚ್ಚು ಹಿಡಿಸಿದ್ದು ನಮ್ಮ ಮಾತಿನಲ್ಲೇ ಇರುವ ‘ತುಂಬು’. ಮಗುವಿಗೆ ವರ್ಷ ತುಂಬಿತು. ಮದುವೆಯಾಗಿ ಇಪ್ಪತ್ತೈದು ತುಂಬಿತು. ಅಜ್ಜ ಹೋಗಿ ನಾಳೆಗೆ ವರ್ಷ ತುಂಬುತ್ತೆ. ಸಂತೋಷ, ಸಂಕಟ ಎರಡಕ್ಕೂ ಒಂದೇ ಮಾತು. ಯಾರಿಗೂ ಚುಚ್ಚುವುದಿಲ್ಲ. ಲೆಕ್ಕವೂ ಸ್ಪಷ್ಟ. ತುರ್ತುಪರಿಸ್ಥಿತಿಗೆ ಐವತ್ತನೆಯ ವರ್ಷ ಶುರುವಾದದ್ದು 2024ರ ಜೂನ್‌ನಲ್ಲಿ, ಐವತ್ತು ತುಂಬಿದ್ದು 2025ರಲ್ಲಿ. ಬರೀ ‘50ನೇ ವರ್ಷ’ ಅಂತ ಬರೆದರೆ ಯಾವುದು ಅಂತ ಗೊತ್ತಾಗುವುದಿಲ್ಲ. ‘ನಾಲ್ಕು ತುಂಬಿ ಐದಕ್ಕೆ ಬಿತ್ತು’ ಅಂತ ಮಕ್ಕಳ ವಯಸ್ಸು ಹೇಳುವಾಗ ನಮ್ಮ ತಾಯಂದಿರು ಈ ಗೊಂದಲಕ್ಕೆ ಎಡೆ ಕೊಡುವುದೇ ಇಲ್ಲ, ಅಲ್ವಾ?

ತೊಂದರೆ ಇರುವುದು ಇದನ್ನು ನಾಮಪದ ಮಾಡುವಲ್ಲಿ. ‘ವರ್ಷ ತುಂಬಿದ ದಿನ’ ವಾಕ್ಯದ ನಡುವೆ ಚೆನ್ನ, ತಲೆಬರಹಕ್ಕೆ ಉದ್ದ. ‘ವರ್ಧಂತಿ’ ಎಂಬ ಸೊಗಸಾದ ಪದ ಇದೆ. ಮೈಸೂರಿನಲ್ಲಿ ಮಹಾರಾಜರ ಹುಟ್ಟುಹಬ್ಬಕ್ಕೆ ವರ್ಧಂತಿ ಅನ್ನುತ್ತಿದ್ದರು. ಕರಾವಳಿಯ ದೇವಸ್ಥಾನಗಳಲ್ಲಿ ಪ್ರತಿಷ್ಠಾ ವರ್ಧಂತಿ ಇಂದಿಗೂ ನಡೆಯುತ್ತದೆ. ಆದರೆ ಅದರ ಬೇರಿನಲ್ಲಿ ಬೆಳೆಯುವ, ವೃದ್ಧಿಯಾಗುವ ಅರ್ಥವಿದೆ. ಸೆರೆವಾಸ ಶುರುವಾದ ದಿನಕ್ಕೆ ಅದು ಸಲ್ಲದು.

ಹುಟ್ಟು ಸಾವುಗಳ ಪದಗಳೂ ಹೀಗೇ ತಮ್ಮ ತಮ್ಮ ಜಾಗ ಹಿಡಿದು ಕೂತಿವೆ. ಜೂನ್ 25ರಂದು ಹುಟ್ಟಿದವರ ಪಟ್ಟಿ ದೊಡ್ಡದು. ಸ್ಪೇನಿನ ವಾಸ್ತುಶಿಲ್ಪಿ ಆಂಟೊನಿ ಗೌಡಿ 1852ರಲ್ಲಿ. ಲಾರ್ಡ್ ಮೌಂಟ್‌ಬ್ಯಾಟನ್ 1900ರಲ್ಲಿ. ಬಿಹಾರದ ಮೋತಿಹಾರಿಯಲ್ಲಿ ಜಾರ್ಜ್ ಆರ್ವೆಲ್ 1903ರಲ್ಲಿ. ದೇಶದ ಮೊದಲ ಮಹಿಳಾ ಮುಖ್ಯಮಂತ್ರಿ ಸುಚೇತಾ ಕೃಪಲಾನಿ 1908ರಲ್ಲಿ. ವಿ.ಪಿ. ಸಿಂಗ್ 1931ರಲ್ಲಿ. ಇವರಿಗೆ ‘ಹುಟ್ಟುಹಬ್ಬ’ ಅಂದರೆ ಬದುಕಿರುವವರ ಮಾತಾಗುತ್ತದೆ. ‘ಜಯಂತಿ’ ಅಂದರೆ ಊರೆಲ್ಲ ಸೇರಿ ಗೌರವಿಸುವ ದೊಡ್ಡವರ ಮಾತಾಗುತ್ತದೆ. ಆರ್ವೆಲ್ ಜಯಂತಿ ಅಂದರೆ ಯಾಕೋ ಹೊಂದುವುದಿಲ್ಲ. ಜಯಂತಿಗೆ ಪಂಚಾಂಗದ ನಂಟು ಬೇರೆ. ಅಂಬೇಡ್ಕರ್ ಜಯಂತಿ ಪ್ರತಿ ವರ್ಷ ಏಪ್ರಿಲ್ 14ಕ್ಕೇ ಬರುತ್ತದೆ. ಬಸವ ಜಯಂತಿ ಅಕ್ಷಯ ತದಿಗೆಗೆ ಬರುವುದರಿಂದ ತಾರೀಖು ಬದಲಾಗುತ್ತಲೇ ಇರುತ್ತದೆ. ‘ಜನ್ಮದಿನ’ ಎಲ್ಲರಿಗೂ ಸಲ್ಲುತ್ತದೆ. ‘ಹುಟ್ಟಿದ ದಿನ’ ಇನ್ನೂ ಸರಳ. ನಾನು ಅದನ್ನೇ ಬರೆಯುತ್ತೇನೆ.

ಸಾವಿನ ಕಡೆ ‘ಪುಣ್ಯತಿಥಿ’ ಇದೆ. ಅದಕ್ಕೂ ತಾರೀಖಿಗೂ ತಾಳೆಯಾಗಬೇಕಿಲ್ಲ. ಬರೀ ‘ತಿಥಿ’ ಅಂದರೆ ನಮ್ಮ ಕಡೆ ಊಟದ ಎಲೆಯೇ ನೆನಪಾಗುತ್ತದೆ. 2009ರ ಜೂನ್ 25ರಂದು ತೀರಿಕೊಂಡ ಮೈಕೆಲ್ ಜಾಕ್ಸನ್ ಹೆಸರಿನ ಮುಂದೆ ‘ನಿಧನ’ ಅಂತಷ್ಟೇ ಬರೆದೆ.

ಜಾಕ್ಸನ್ ಹೆಸರು ಬಂದಿದ್ದರಿಂದ ಇನ್ನೊಂದು ಮಾತು. ಅವರ ಸಾವನ್ನು ಘೋಷಿಸಿದ್ದು ಲಾಸ್ ಏಂಜಲೀಸ್‌ನ ಮಧ್ಯಾಹ್ನ 2 ಗಂಟೆ 26 ನಿಮಿಷಕ್ಕೆ. ನಮ್ಮಲ್ಲಿ ಆಗಲೇ 26ರ ಬೆಳಗಿನ ಜಾವ. ತುರ್ತುಪರಿಸ್ಥಿತಿಯದ್ದೂ ಇಂಥದೇ ಕಥೆ. ಸಹಿ ಬಿದ್ದದ್ದು 25ರ ರಾತ್ರಿ. ಇಂದಿರಾ ಗಾಂಧಿ ಆಕಾಶವಾಣಿಯಲ್ಲಿ ದೇಶಕ್ಕೆ ತಿಳಿಸಿದ್ದು 26ರ ಬೆಳಿಗ್ಗೆ. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಬಂಧಿಸಿದ್ದೂ 26ರಂದು. ಅವರನ್ನು ಇಟ್ಟದ್ದು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ. ಹಾಗಾಗಿ ಆ ಕಾಲ ಕಂಡ ಕೆಲವರು ‘ಇಪ್ಪತ್ತಾರನೇ ತಾರೀಖು’ ಅಂದರೆ ಅದನ್ನು ತಪ್ಪು ಅನ್ನಲಾರೆ. ಗಡಿಯಾರದಲ್ಲಿ ಹನ್ನೆರಡು ಹೊಡೆದರೆ ತಾರೀಖು ಬದಲು. ನಮ್ಮ ಹಿರಿಯರಿಗೆ ಸೂರ್ಯ ಹುಟ್ಟಿದರೆ ತಾನೇ ಹೊಸ ದಿನ? ‘25ರ ರಾತ್ರಿ’ ಅನ್ನುವ ನಮ್ಮ ಮಾತು ಬೆಳಕು ಹರಿಯುವ ತನಕ ಎಲ್ಲವನ್ನೂ ಒಳಗೆ ಸೇರಿಸಿಕೊಳ್ಳುತ್ತದೆ. ಹಾಳೆಯಲ್ಲಿ ‘ಜೂನ್ 25ರ ರಾತ್ರಿ’ ಅಂತಲೇ ಬರೆದಿದ್ದೇನೆ.

‘ಮೈಲಿಗಲ್ಲು’ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆಟದ ವರದಿಗಳಲ್ಲಿ ಅದು ಊರಿ ನಿಂತಿದೆ, ಕೀಳುವುದು ಬೇಡ. ನೂರನೇ ಟೆಸ್ಟ್, ಹತ್ತು ಸಾವಿರ ರನ್, ಐನೂರು ವಿಕೆಟ್ ಇಂಥವಕ್ಕೆ ಸರಿ. ಆದರೆ 1932ರದ್ದು ಹೊರಟ ಜಾಗ, ಅದಕ್ಕೆ ‘ನಾಂದಿ’ ಅಥವಾ ‘ಮೊದಲ ಹೆಜ್ಜೆ’ ಸಾಕು. 1983ರದ್ದನ್ನು ‘ಗೆಲುವು’ ಅಂತಲೇ ಕರೆಯೋಣ.

ನಿಮ್ಮಿಂದ ತಿಳಿಯಬೇಕಾದದ್ದು ಇಷ್ಟು. ನಿಮ್ಮ ಕಡೆಯ ಮಾತಿನಲ್ಲಿ, ಅದರಲ್ಲೂ ಧಾರವಾಡ, ಕಲಬುರಗಿ, ಕೊಡಗು, ಕಾಸರಗೋಡಿನ ಕಡೆ, ವರ್ಷ ತುಂಬಿದ ದಿನಕ್ಕೆ ಸಂತೋಷಕ್ಕೂ ದುಃಖಕ್ಕೂ ಒಂದೇ ನಾಮಪದ ಬಳಕೆಯಲ್ಲಿದೆಯೇ? ಇದ್ದರೆ ಒಂದು ವಾಕ್ಯದಲ್ಲಿ ಬಳಸಿ ತೋರಿಸಿ. ಯಾವ ಊರಿನ, ಯಾವ ವಯಸ್ಸಿನವರ ಬಾಯಲ್ಲಿ ಕೇಳಿದ್ದು ಎಂದೂ ಬರೆಯಿರಿ. ವರ್ಧಂತಿಯನ್ನು ಸಾವಿಗೆ ಬಳಸಿದ್ದನ್ನು ಯಾರಾದರೂ ಕೇಳಿದ್ದರೆ ಅದೂ ನನಗೆ ಬೇಕು. ಅಲ್ಲಿಯವರೆಗೆ ತಲೆಬರಹಕ್ಕೆ ‘ಜೂನ್ 25: ಇಷ್ಟು ವರ್ಷ ತುಂಬಿತು’ ಎಂದಿಟ್ಟು, ಒಂದೊಂದು ಘಟನೆಯ ಮುಂದೂ ವರ್ಷದ ಲೆಕ್ಕ ಬರೆಯುತ್ತಿದ್ದೇನೆ.